ಬುರುಜು, ತೋಪು, ಮಣ್ಣೆತ್ತು: ವಿಜಯಪುರದ ಕೋಟೆಯಲ್ಲಿ ಹಳೆಯ ಶೈಲಿಯ ಶೂಟರ್ ಆಟ ಕಟ್ಟುವ ಸಮಗ್ರ ಮಾರ್ಗದರ್ಶಿ

ಹಳೆಯ ಶೈಲಿಯ ಶೂಟರ್, ಅಂದರೆ ಗುಂಡು ಹಾರಿಸುತ್ತ ಆಡುವ ಕಂಪ್ಯೂಟರ್ ಆಟ, ಮಾಡಲು ಹೊರಟವರಲ್ಲಿ ಹೆಚ್ಚಿನವರು ಸ್ವಂತ ಎಂಜಿನ್ (ಆಟವನ್ನು ಓಡಿಸುವ ಮೂಲ ತಂತ್ರಾಂಶ) ಬರೆಯುವುದರಲ್ಲೇ ಹೈರಾಣಾಗುತ್ತಾರೆ. ಉಳಿದವರು ಇಪ್ಪತ್ತು ಲೆವೆಲ್‌ಗಳ ಕಥೆ ಬರೆದಿಟ್ಟು ಮೊದಲನೆಯದನ್ನೂ ಮುಗಿಸುವುದಿಲ್ಲ. ಇಲ್ಲಿ ಹೇಳುವ ದಾರಿ ಬೇರೆ. ಎಂಜಿನ್ ಸಿದ್ಧವಾಗಿಯೇ ಸಿಗುತ್ತದೆ, ಲೆವೆಲ್ ಒಂದೇ ಸಾಕು, ಅದನ್ನು ಹಿಡಿದು ನಿಲ್ಲಿಸಲು ಬೇರೆ ಊರಿನಲ್ಲಿ ಹುಟ್ಟಲಾರದ ಒಂದು ಕಲ್ಪನೆ ಬೇಕು. ವಿಜಯಪುರದಲ್ಲಿ ಅದಕ್ಕೆ ಬರವಿಲ್ಲ.

ಕೋಟೆಯ ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ತೋಪಿನ ಬಾಯಿಯೇ ಒಂದು ಸಿಂಹದ ಮುಖ, ಅದರ ದವಡೆಯಲ್ಲಿ ಆನೆ. ಇದನ್ನು ಹಾರಿಸುವಾಗ ಬತ್ತಿಗೆ ಕಿಡಿ ತಾಗಿಸಿದವನು ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂದು ಊರಿನಲ್ಲಿ ಹೇಳುತ್ತಾರೆ. ಕಥೆ ಎಷ್ಟು ನಿಜವೋ ಇತಿಹಾಸಕಾರರು ನೋಡಿಕೊಳ್ಳಲಿ, ಆಟ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಬತ್ತಿ ಹುಡುಕಬೇಕು, ತೋಪಿಗೆ ಕಿಡಿ ಇಡಬೇಕು, ಶತ್ರುಗಳನ್ನು ತಪ್ಪಿಸಿಕೊಂಡು ನೀರಿಗೆ ಬೀಳಬೇಕು. ಶೂಟರ್ ಕೂಡ ಆಯಿತು, ಸಾಹಸದ ಒಗಟೂ ಆಯಿತು.

ಮೊದಲು ಆಡಿ ನೋಡಿ

ಆಡದವರು ಆಟ ಮಾಡಬಾರದು. ಈ ಬಗೆಯ ಹಳೆಯ ಶೂಟರ್ 'ಡೂಮ್' ಬಿಡುಗಡೆಯಾದದ್ದು 1993ರ ಡಿಸೆಂಬರ್ 10ರಂದು. ಸರಿಯಾಗಿ 25 ವರ್ಷಗಳ ನಂತರ, 2018ರ ಡಿಸೆಂಬರ್ 10ರಂದು, ಡೇವಿಡ್ ಶಿಮಾನ್ಸ್ಕಿ ಅವರ 'ಡಸ್ಕ್' ಬಂತು. ಅದನ್ನು ಆಡುವಾಗ ದಪ್ಪ ಪಿಕ್ಸೆಲ್‌ಗಳಿಗೆ ಮರುಳಾಗಬೇಡಿ. ಎಷ್ಟೇ ವೇಗವಾಗಿ ಓಡುತ್ತಿದ್ದರೂ ದೂರದ ಶತ್ರು ಯಾರೆಂಬುದು ಅದರ ಆಕಾರದಿಂದಲೇ ತಿಳಿಯುತ್ತದೆ, ಅದನ್ನು ಗಮನಿಸಿ. 2019ರ 'ಅಯಾನ್ ಫ್ಯೂರಿ' 1996ರ 'ಡ್ಯೂಕ್ ನ್ಯೂಕೆಮ್ 3ಡಿ'ಯ ಬಿಲ್ಡ್ ಎಂಜಿನ್ನಿನಲ್ಲೇ ತಯಾರಾಗಿದೆ. 'ಹೆಡಾನ್' ಮತ್ತು 'ಸೆಲಾಕೊ' ನಾವು ಬಳಸಲಿರುವ ಜಿಝೆಡ್‌ಡೂಮ್ ಎಂಜಿನ್ನಿನ ಮೇಲೆಯೇ ನಿಂತ, ಹಣ ಕೊಟ್ಟು ಕೊಳ್ಳುವ ಆಟಗಳು. ಇವುಗಳಲ್ಲಿ ಒಂದನ್ನೇ ಆಡಲು ಪುರುಸೊತ್ತಿದ್ದರೆ 'ಹೆಡಾನ್' ಆಡಿ. ಗುಂಡಿನ ನಡುವೆ ಹುಡುಕಾಟ ಮತ್ತು ಒಗಟುಗಳಿಗೆ ಜಾಗ ಮಾಡಿಕೊಡುವುದು ಹೇಗೆಂದು ಅದು ಚೆನ್ನಾಗಿ ತೋರಿಸುತ್ತದೆ.

ಹಂತ 1: ಸಲಕರಣೆಗಳು

ನಾಲ್ಕು ಉಚಿತ ತಂತ್ರಾಂಶಗಳು ಸಾಕು. 'ಡೂಮ್'ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಅದರ ತಯಾರಕರು 1997ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಆ ಮೂಲದಿಂದ ಬೆಳೆದ ಎಂಜಿನ್ ಜಿಝೆಡ್‌ಡೂಮ್. ಸಂಕೇತ ಮುಕ್ತವಾದರೂ 'ಡೂಮ್'ನ ಚಿತ್ರ, ಸದ್ದು, ಸಂಗೀತ ಮುಕ್ತವಲ್ಲ, ಅವುಗಳನ್ನು ನಿಮ್ಮ ಆಟದ ಜೊತೆ ಹಂಚುವಂತಿಲ್ಲ. ಆ ಕೊರತೆ ತುಂಬಲು ಫ್ರೀಡೂಮ್ ಇದೆ. ಸ್ವಯಂಸೇವಕರು ಹೊಸದಾಗಿ ರಚಿಸಿದ ಗೋಡೆ, ಆಯುಧ, ಸದ್ದುಗಳ ಭಂಡಾರ ಅದು, ಪರವಾನಗಿಯ ಪಠ್ಯವನ್ನು ಜೊತೆಗಿಟ್ಟರೆ ಯಾರು ಬೇಕಾದರೂ ಹಂಚಬಹುದು. ಅದರ ಎರಡನೇ ಭಾಗವನ್ನು, ಅಂದರೆ ಫೇಸ್ 2 ಅನ್ನು, ಇಳಿಸಿಕೊಳ್ಳಿ. ಮ್ಯಾಪ್, ಅಂದರೆ ಲೆವೆಲ್ಲಿನ ನಕ್ಷೆ, ಬರೆಯಲು ಅಲ್ಟಿಮೇಟ್ ಡೂಮ್ ಬಿಲ್ಡರ್, ಚಿತ್ರ ಮತ್ತು ಸದ್ದುಗಳನ್ನು ಒಂದು ಕಡತದಲ್ಲಿ ಜೋಡಿಸಲು ಸ್ಲೇಡ್.

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಇವು ಓಡುತ್ತವೆ. ಆಟ ತಡವರಿಸಿದರೆ ಜಿಝೆಡ್‌ಡೂಮ್‌ನ ಆಯ್ಕೆಗಳಲ್ಲಿ ಹಗುರವಾದ ರೆಂಡರರ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಆರಿಸಿಕೊಳ್ಳಿ. ಮ್ಯಾಪ್ ಬಿಲ್ಡರ್ ಮುಖ್ಯವಾಗಿ ವಿಂಡೋಸ್‌ಗೆಂದು ಮಾಡಿದ್ದು. ಲಿನಕ್ಸ್ ಬಳಸುವವರು ಸ್ಲೇಡ್‌ನೊಳಗಿರುವ ಮ್ಯಾಪ್ ಎಡಿಟರ್ ಬಳಸಿದರೂ ಕೆಲಸ ನಡೆಯುತ್ತದೆ. ಕರೆಂಟ್ ಹೇಳದೆ ಕೇಳದೆ ಹೋಗುವ ಕಡೆ ಇರುವವರು ಬಿಲ್ಡರ್‌ನಲ್ಲಿ ತಾನಾಗಿ ಉಳಿಸುವ ಆಯ್ಕೆ ಇದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಲಿ.

ಹಂತ 2: ಮಿತಿಗಳನ್ನು ಬರೆದಿಡಿ

ಹಳೆಯ ಆಟಗಳಿಗೆ ಆ ಕಳೆ ಬಂದದ್ದು ಯಂತ್ರದ ಮಿತಿಯಿಂದ. 'ಡೂಮ್' ತೋರಿಸುತ್ತಿದ್ದದ್ದು 320 ಅಡ್ಡ, 200 ಉದ್ದದ ಪಿಕ್ಸೆಲ್‌ಗಳನ್ನು, ಬಣ್ಣಗಳು 256 ಮಾತ್ರ. ನಿಮ್ಮ ಯಂತ್ರಕ್ಕೆ ಆ ಕಟ್ಟುಪಾಡಿಲ್ಲ, ಆದ್ದರಿಂದ ನೀವೇ ಹಾಕಿಕೊಳ್ಳಬೇಕು. ಈ ಯೋಜನೆಗೆ ನನ್ನ ಸಲಹೆ: ಎಲ್ಲ ಚಿತ್ರಗಳೂ ಫ್ರೀಡೂಮ್‌ನ ಬಣ್ಣಪಟ್ಟಿಯಲ್ಲೇ ಇರಲಿ, ಗೋಡೆಯ ಚಿತ್ರ 128 ಪಿಕ್ಸೆಲ್ ಮೀರದಿರಲಿ, ಹೊಸ ಶತ್ರು ಒಂದೇ ಇರಲಿ, ಆಯುಧ ಎರಡೇ ಇರಲಿ. ಆಟಗಾರ ಜಿಗಿಯುವಂತಿಲ್ಲ ಎಂದೂ ನಿರ್ಧರಿಸಿ, ಮ್ಯಾಪಿನ ಮಾಹಿತಿ ಕಡತದಲ್ಲಿ ಜಿಗಿತವನ್ನು ನಿಷೇಧಿಸಬಹುದು. ಜಿಗಿಯಲು ಬಿಟ್ಟರೆ ನೀವು ಕಷ್ಟಪಟ್ಟು ಕಟ್ಟಿದ ದಾರಿಗಳನ್ನೆಲ್ಲ ಜನ ಮೇಲಿಂದಲೇ ದಾಟಿ ಹೋಗುತ್ತಾರೆ.

ಇನ್ನೊಂದು ಮಿತಿ ತಂತ್ರದ್ದಲ್ಲ, ಮರ್ಯಾದೆಯದು. ವಿಜಯಪುರ ಎಂದೊಡನೆ ಎಲ್ಲರೂ ಗೋಳಗುಮ್ಮಟ ಹಾಕಿ ಎನ್ನುತ್ತಾರೆ. ಅದು ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಸಮಾಧಿಯೊಳಗೆ ಗುಂಡು ಹಾರಿಸುವ ಆಟ ಬೇಡ. ಪೂರ್ವ ದಿಕ್ಕಿನ ಆಕಾಶದ ಚಿತ್ರದಲ್ಲಿ ಅದರ ಕಪ್ಪು ನೆರಳಿನ ಆಕಾರ ನಿಂತಿರಲಿ, ಬುರುಜು ಹತ್ತಿದವನಿಗೆ ದಿಕ್ಕು ಗುರುತಿಸಲು ಅಷ್ಟು ಸಾಕು. ಇದೇ ಕಾರಣಕ್ಕೆ ಶತ್ರುಗಳೂ ಮನುಷ್ಯರಾಗಿರುವುದು ಬೇಡ. ಆದಿಲ್‌ಶಾಹಿ ಕೋಟೆಯಲ್ಲಿ ಯಾರ ವೇಷದ ಸೈನಿಕನನ್ನು ನಿಲ್ಲಿಸಿದರೂ ಆಟದ ಮಾತು ಬಿಟ್ಟು ಬೇರೆ ಜಗಳ ಶುರುವಾಗುತ್ತದೆ.

ಹಂತ 3: ಕೋಟೆಗೆ ಹೋಗಿ ಬನ್ನಿ

ನಮಗೆ ಬೇಕಾದ ಮೂರು ಸ್ಥಳಗಳೂ ಊರಿನ ಪಶ್ಚಿಮ ಭಾಗದಲ್ಲೇ ಇವೆ: 1620ರ ತಾಜ್ ಬಾವಡಿ ಎಂಬ ಮೆಟ್ಟಿಲುಬಾವಿ, 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು, ಮತ್ತು ತೋಪಿನ ಷೇರ್ಜಾ ಬುರುಜು. ಅಳತೆ ಪಟ್ಟಿ ಹಿಡಿದು ಅಲೆಯುವುದು ಬೇಡ. ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. ಉಪ್ಪಲಿ ಬುರುಜು ಸುಮಾರು 24 ಮೀಟರ್ ಎತ್ತರದ ದುಂಡು ಗೋಪುರ, ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಮೇಲೇರುತ್ತವೆ. ದೂರದಿಂದಲೂ ಕಾಣುವ ಅದೇ ನಮ್ಮ ಲೆವೆಲ್ಲಿನ ಕಂಬ.

ಫೋಟೊಗಳನ್ನು ಮೋಡ ಕವಿದ ದಿನ ತೆಗೆಯಿರಿ. ಈ ಊರಿನ ಬಿಸಿಲಿನಲ್ಲಿ ತೆಗೆದ ಗೋಡೆಯ ಚಿತ್ರದಲ್ಲಿ ನೆರಳು ಒಂದೇ ಕಡೆಗೆ ಗಟ್ಟಿಯಾಗಿ ಬಿದ್ದಿರುತ್ತದೆ. ಅದನ್ನು ಮ್ಯಾಪಿನ ನಾಲ್ಕೂ ದಿಕ್ಕಿಗೆ ಅಂಟಿಸಿದರೆ ನಾಲ್ಕು ಸೂರ್ಯರಿದ್ದಂತೆ ಕಾಣುತ್ತದೆ. ಮೊಬೈಲ್ ಸಾಕು. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಪಡೆಯಿರಿ. ಗೋಡೆಗೆ ನೇರ ಎದುರು ನಿಂತು, ಮೊಬೈಲನ್ನು ವಾಲಿಸದೆ, ಕಲ್ಲಿನ ನಾಲ್ಕೈದು ವರಸೆಗಳು ಬರುವಷ್ಟು ಮಾತ್ರ ಹಿಡಿಯಿರಿ. ಇಲ್ಲಿನ ಕಪ್ಪು ಬಸಾಲ್ಟ್ ಕಲ್ಲು, ನಡುವಿನ ಸುಣ್ಣದ ಗಾರೆ, ಎರಡೂ ಬಣ್ಣಪಟ್ಟಿಗೆ ಹೊಂದಿಕೊಳ್ಳುತ್ತವೆ, ಏಕೆಂದರೆ 'ಡೂಮ್'ನ ಪಟ್ಟಿಯಲ್ಲಿ ಕಂದು ಮತ್ತು ಬೂದು ಛಾಯೆಗಳೇ ಧಾರಾಳ. ಬಾದಾಮಿಯ ಕೆಂಪು ಮರಳುಗಲ್ಲೂ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಬೇರೆ ಆಟಕ್ಕೆ ಇರಲಿ.

ಮನೆಗೆ ಬಂದು ಚಿತ್ರವನ್ನು ಚೌಕವಾಗಿ ಕತ್ತರಿಸಿ, ಜಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ 128ಕ್ಕೆ 128 ಪಿಕ್ಸೆಲ್‌ಗೆ ಕುಗ್ಗಿಸಿ. ಆಮೇಲೆ ಚಿತ್ರವನ್ನು ಅರ್ಧ ಅಡ್ಡಕ್ಕೆ, ಅರ್ಧ ಕೆಳಕ್ಕೆ ಸರಿಸುವ ಆಫ್‌ಸೆಟ್ ಬಳಸಿ. ಅಂಚುಗಳು ನಡುವಿಗೆ ಬಂದು, ಪಕ್ಕದ ಚಿತ್ರಕ್ಕೆ ಹೊಂದದ ಗೆರೆ ಕಣ್ಣಿಗೆ ಹೊಡೆಯುತ್ತದೆ. ಆ ಗೆರೆಯ ಮೇಲೆ ಅಕ್ಕಪಕ್ಕದ ಕಲ್ಲಿನ ತುಣುಕುಗಳನ್ನು ತೇಪೆ ಹಾಕಿ. ಬಣ್ಣಪಟ್ಟಿಗೆ ಇಳಿಸುವುದು ಕೊನೆಯ ಕೆಲಸ. ಮೊದಲೇ ಇಳಿಸಿದರೆ ತೇಪೆ ಕಚ್ಚಾ ಕಾಣುತ್ತದೆ.

ಹಂತ 4: ನೆಲಪಟ ಬರೆಯುವುದು

ಬಿಲ್ಡರ್ ತೆರೆದು ಹೊಸ ಮ್ಯಾಪ್ ಮಾಡುವಾಗ ಜಿಝೆಡ್‌ಡೂಮ್‌ನ ಯುಡಿಎಂಎಫ್ ಎಂಬ ಮ್ಯಾಪ್ ಕಡತದ ಮಾದರಿಯನ್ನು ಆರಿಸಿ. ಕೀಲಿಮಣೆಯ ವಿ ಒತ್ತಿದರೆ ಮೂಲೆಗಳು, ಎಲ್ ಒತ್ತಿದರೆ ಗೆರೆಗಳು, ಎಸ್ ಒತ್ತಿದರೆ ಸೆಕ್ಟರ್‌ಗಳು, ಟಿ ಒತ್ತಿದರೆ ವಸ್ತು ಮತ್ತು ಶತ್ರುಗಳು. ಎಫ್9 ಒತ್ತಿದರೆ ಆ ಕ್ಷಣವೇ ಮ್ಯಾಪಿನೊಳಗೆ ಓಡಾಡಬಹುದು.

ಇಡೀ ವಿದ್ಯೆ ಸೆಕ್ಟರ್ ಎಂಬ ಒಂದರಲ್ಲಿ ಅಡಗಿದೆ. ಗೆರೆಗಳಿಂದ ಮುಚ್ಚಿದ ಯಾವ ಆಕಾರವೂ ಸೆಕ್ಟರ್. ಅದಕ್ಕೆ ಒಂದು ನೆಲದ ಎತ್ತರ, ಒಂದು ಚಾವಣಿಯ ಎತ್ತರ, 0ಯಿಂದ 255ರವರೆಗಿನ ಒಂದು ಬೆಳಕಿನ ಪ್ರಮಾಣ. ನೀವು ಬರೆಯುತ್ತಿರುವುದು ಮೇಲಿನಿಂದ ನೋಡಿದ ನಕ್ಷೆ, ಎತ್ತರವೆಲ್ಲ ಬರಿ ಅಂಕಿ. ಹಾಗಾಗಿ ಮೂಲ ರೂಪದಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲಾಗದು.

ಮ್ಯಾಪಿನ ಅಳತೆಯ ಮಾನ ಯೂನಿಟ್, ಆಟಗಾರನ ಎತ್ತರ 56 ಯೂನಿಟ್. ಒಂದು ಮೀಟರ್ ಎತ್ತರಕ್ಕೆ 32 ಯೂನಿಟ್ ಎಂದು ಹಿಡಿಯಿರಿ. ಅಡ್ಡ ಅಳತೆಯಲ್ಲಿ ಮಾತ್ರ ನಿಜವಾದ ಕೋಟೆಯನ್ನು ಅನುಸರಿಸಬೇಡಿ. 'ಡೂಮ್' ಆಟಗಾರ ಸೆಕೆಂಡಿಗೆ ಸುಮಾರು 580 ಯೂನಿಟ್ ಓಡುತ್ತಾನೆ, ನಮ್ಮ ಲೆಕ್ಕದಲ್ಲಿ ಅದು ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ವೇಗವೇನೋ ಇದೆ, ಆದರೂ ನಿಜವಾದ ದೂರಗಳನ್ನು ಹಾಗೆಯೇ ಇಟ್ಟರೆ ನಡುವೆ ಖಾಲಿ ಮೈದಾನವೇ ಉಳಿಯುತ್ತದೆ. ಬಾವಡಿ, ಗೋಪುರ, ತೋಪು ಒಂದಕ್ಕೊಂದು 1,500 ಯೂನಿಟ್ ಒಳಗೇ ಇರಲಿ.

ಆಟ ಬಾವಡಿಯ ತಳದ ಕಟ್ಟೆಯಲ್ಲಿ ಆರಂಭವಾಗಲಿ. ತಲೆ ಎತ್ತಿದರೆ ಆಕಾಶದ ಒಂದು ಚೌಕ ಮಾತ್ರ ಕಾಣಬೇಕು. ಮೆಟ್ಟಿಲು ಹತ್ತಿ ಕಮಾನಿನಿಂದ ಹೊರಬಂದಾಗ ಎದುರಿಗೇ ಉಪ್ಪಲಿ ಬುರುಜು ನಿಂತಿರಬೇಕು. ಎತ್ತ ಹೋಗಬೇಕು ಎಂದು ಬಾಣದ ಗುರುತು ಹಾಕುವ ಅಗತ್ಯ ಆಗ ಬೀಳುವುದಿಲ್ಲ.

ಬೆಳಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹವ್ಯಾಸಿಗಳ ಮ್ಯಾಪುಗಳು ಸಪ್ಪೆಯಾಗಿ ಕಾಣುವುದು ಇಲ್ಲಿಯೇ. ಬಯಲಿಗೆಲ್ಲ ಒಂದೇ ಬೆಳಕು ಕೊಟ್ಟು ಬಿಟ್ಟುಬಿಡುತ್ತಾರೆ. ಬಯಲಿಗೆ 208 ಕೊಡಿ. ಆಮೇಲೆ ನೆಲದ ಮೇಲೆ ಗೋಪುರದ ನೆರಳು ಬೀಳುವ ಆಕಾರವನ್ನೇ ಪ್ರತ್ಯೇಕ ಸೆಕ್ಟರ್ ಆಗಿ ಬರೆದು 144ಕ್ಕೆ ಇಳಿಸಿ. ನೆಲದ ಎತ್ತರ ಎರಡೂ ಕಡೆ ಒಂದೇ, ಬದಲಾಗುವುದು ಬೆಳಕು ಮಾತ್ರ. ನೆರಳಿನ ಅಂಚು ಚೂರಿಯಿಂದ ಕೊಯ್ದಷ್ಟು ನೇರವಾಗಿ ಬರುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಯ ವಿಜಯಪುರ ಹಾಗೆಯೇ ಇರುತ್ತದೆ. ಕಮಾನಿನ ಒಳಗೆ 112, ಬಾವಡಿಯ ಮೂಲೆಗಳಲ್ಲಿ 96. ಎಲ್ಲ ನೆರಳುಗಳೂ ಒಂದೇ ದಿಕ್ಕಿಗೆ ಬೀಳುತ್ತಿವೆಯೇ ಎಂದು ನೋಡಿಕೊಳ್ಳಿ.

ಹಂತ 5: ಉಪ್ಪಲಿ ಬುರುಜು

24 ಮೀಟರ್ ಎಂದರೆ 768 ಯೂನಿಟ್. ಮೆಟ್ಟಿಲೊಂದಕ್ಕೆ 16 ಯೂನಿಟ್ ಕೊಟ್ಟರೆ 48 ಮೆಟ್ಟಿಲುಗಳು. ಆಟಗಾರ ಒಂದು ಹೆಜ್ಜೆಗೆ 24 ಯೂನಿಟ್‌ವರೆಗೆ ಹತ್ತಬಲ್ಲ, ಆದ್ದರಿಂದ 16 ಹಿತವಾಗಿರುತ್ತದೆ.

ಬಿಲ್ಡರ್‌ನಲ್ಲಿ ವೃತ್ತ ಬರೆಯುವ ಸಾಧನ ತೆಗೆದುಕೊಂಡು 64 ಬದಿಗಳ ಎರಡು ವೃತ್ತಗಳನ್ನು ಒಂದರೊಳಗೊಂದು ಬರೆಯಿರಿ. ಒಳಗಿನದರ ತ್ರಿಜ್ಯ 256 ಯೂನಿಟ್, ಅದು ಗೋಪುರ. ಹೊರಗಿನದು 352, ನಡುವಿನ 96 ಯೂನಿಟ್ ಮೆಟ್ಟಿಲಿನ ಅಗಲ. ಎರಡು ವೃತ್ತಗಳ ಮೂಲೆಗಳನ್ನು ಗೆರೆಗಳಿಂದ ಸೇರಿಸುತ್ತ ಹೋದರೆ ಬಳೆಯ ಚೂರುಗಳಂತೆ 64 ಸೆಕ್ಟರ್‌ಗಳು ಬರುತ್ತವೆ. ಅವುಗಳಲ್ಲಿ 48ಕ್ಕೆ 16, 32, 48 ಎಂದು ನೆಲ ಏರಿಸುತ್ತ ಬನ್ನಿ. ಮುಕ್ಕಾಲು ಸುತ್ತಿನಲ್ಲಿ ತುದಿ ತಲುಪುತ್ತೀರಿ. ಉಳಿದ 16 ಚೂರುಗಳು ನೆಲಮಟ್ಟದಲ್ಲೇ ಇರಲಿ. ಪೂರ್ತಿ ಒಂದು ಸುತ್ತು ದಾಟಿದರೆ ಮೆಟ್ಟಿಲಿನ ಮೇಲೆ ಮೆಟ್ಟಿಲು ಬರಬೇಕಾಗುತ್ತದೆ, ನಮ್ಮ ನಕ್ಷೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಇಲ್ಲೊಂದು ವಿಚಿತ್ರ ಕಾದಿದೆ. ಈ ಎಂಜಿನ್ನಿನಲ್ಲಿ ಶತ್ರುವಿನ ಮೈ ಎಷ್ಟು ಮೆಟ್ಟಿಲುಗಳನ್ನು ಒಟ್ಟಿಗೆ ತಾಗುತ್ತದೆಯೋ, ಅವುಗಳಲ್ಲಿ ಅತಿ ಎತ್ತರದ್ದಕ್ಕೂ ಅತಿ ತಗ್ಗಿನದಕ್ಕೂ 24 ಯೂನಿಟ್‌ಗಿಂತ ಹೆಚ್ಚು ಅಂತರವಿದ್ದರೆ ಅದು ಮುಂದೆ ಹೆಜ್ಜೆ ಇಡುವುದಿಲ್ಲ. ಕಮರಿಯ ಅಂಚಿನಲ್ಲಿದ್ದೇನೆ ಎಂದು ತಿಳಿದು ನಿಂತುಬಿಡುತ್ತದೆ. ನಮ್ಮ ಮೆಟ್ಟಿಲಿನ ಚಪ್ಪಡಿ ಒಳಬದಿಯಲ್ಲಿ 25, ಹೊರಬದಿಯಲ್ಲಿ 34 ಯೂನಿಟ್ ಅಗಲ. ನಮ್ಮ ಹೊಸ ಶತ್ರು ಮಣ್ಣಿನ ಗೂಳಿ, ಅದನ್ನು ಹಂತ 7ರಲ್ಲಿ ಮಾಡುತ್ತೇವೆ. 60 ಯೂನಿಟ್ ಅಗಲದ ಆ ಗೂಳಿ ಒಮ್ಮೆಗೆ ಮೂರು ನಾಲ್ಕು ಚಪ್ಪಡಿ ತಾಗುತ್ತದೆ, ಹಾಗಾಗಿ ಬುರುಜನ್ನು ಹತ್ತಲಾರದು. ಆಟಗಾರನಿಗೆ ಈ ನಿಯಮ ಇಲ್ಲ.

ಇದನ್ನು ಸರಿಪಡಿಸಲು ಹೋಗಬೇಡಿ. ಬಯಲಿನಲ್ಲಿ ಗೂಳಿಗಳ ರಾಜ್ಯ, ಮೆಟ್ಟಿಲಿನಲ್ಲಿ ಆಟಗಾರನದು. ಇದನ್ನು ಆತ ತಾನಾಗಿಯೇ ಕಂಡುಕೊಂಡಾಗ ಕೋಟೆಯ ಬಗ್ಗೆ ಏನೋ ಗುಟ್ಟು ತಿಳಿದಂತೆ ಖುಷಿಪಡುತ್ತಾನೆ. ಪೂರ್ತಿ ನೆಮ್ಮದಿ ಬೇಡವಾದರೆ ಗೋಪುರದ ತುದಿಯಲ್ಲಿ ಬೆಂಕಿಯುಂಡೆ ಎಸೆಯುವ ಫ್ರೀಡೂಮ್ ಶತ್ರುಗಳನ್ನು ಒಂದೆರಡು ನಿಲ್ಲಿಸಿ. ತುದಿಯಲ್ಲಿ ಉದ್ದನೆಯ ತೋಪುಗಳ ಪಕ್ಕ ಬತ್ತಿಯನ್ನು ಇಡಿ. ಅಲ್ಲಿಂದ ಷೇರ್ಜಾ ಬುರುಜು, ನೀರಿನ ತೊಟ್ಟಿ, ತೋಪು ಹಾರಿಸಿ ಕೆಡವಬೇಕಾದ ಮುಚ್ಚಿದ ಹೆಬ್ಬಾಗಿಲು ಮೂರೂ ಒಂದೇ ನೋಟಕ್ಕೆ ಸಿಗುವಂತೆ ಗೋಡೆಗಳನ್ನು ತಗ್ಗಿಸಿ ನೋಡಿ.

ಹಂತ 6: ತೋಪು ಮತ್ತು ತೊಟ್ಟಿ

ಲೆವೆಲ್ಲಿನ ಜೀವ ಇದು, ಇದಕ್ಕೆ ಸಮಯ ಕೊಡಿ. ತೊಟ್ಟಿ ಸುಮಾರು 256 ಯೂನಿಟ್ ಚೌಕ, ಆಳ 96 ಯೂನಿಟ್. ಒಂದು ಬದಿಯಲ್ಲಿ ಹೊರಬರಲು ಮೆಟ್ಟಿಲು ಬೇಕೇ ಬೇಕು. ಈಜಲು ನೀರು ಬರಬೇಕಾದರೆ ಮ್ಯಾಪಿನ ಹೊರಗೆ ಒಂದು ಪುಟ್ಟ ಚೌಕ ಸೆಕ್ಟರ್ ಬರೆಯಿರಿ. ಅದರ ನೆಲದ ಎತ್ತರ ತೊಟ್ಟಿಯ ತಳಕ್ಕೆ ಸಮ, ಚಾವಣಿಯ ಎತ್ತರ ನೀರಿನ ಮೇಲ್ಮೈಗೆ ಸಮ. ಆ ಚೌಕದ ಒಂದು ಗೆರೆಗೆ 160ನೇ ಕ್ರಿಯೆ ಕೊಟ್ಟು, ತೊಟ್ಟಿಯ ಟ್ಯಾಗ್ ಸಂಖ್ಯೆ (ಆ ಸೆಕ್ಟರಿಗೆ ನೀವು ಕೊಟ್ಟ ಗುರುತಿನ ಅಂಕಿ) ತುಂಬಿ, ಬಗೆಯನ್ನು ಈಜಬಹುದಾದದ್ದು ಎಂದು ಆರಿಸಿ. ಹೊರಗಿನ ಆ ಚೌಕ ತೊಟ್ಟಿಯೊಳಗೆ ನೀರಾಗಿ ತುಂಬಿಕೊಳ್ಳುತ್ತದೆ.

ತೋಪಿನಿಂದ ತೊಟ್ಟಿಗೆ 900 ಯೂನಿಟ್ ದೂರ ಇಡಿ. ನೇರ ಓಟಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ ಸಾಕು. ಬತ್ತಿ ಉರಿಯುವ ಅವಧಿ ನಾಲ್ಕು ಸೆಕೆಂಡ್. ಎಂಜಿನ್ ಸೆಕೆಂಡಿಗೆ 35 ಗಳಿಗೆ ಎಣಿಸುತ್ತದೆ, ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ (ಘಟನೆಗಳನ್ನು ನಡೆಸುವ ಪುಟ್ಟ ಸಂಕೇತ) 140 ಎಂದು ಬರೆಯಬೇಕು. ಉಳಿದ ಎರಡು ಸೆಕೆಂಡುಗಳನ್ನು ದಾರಿಯಲ್ಲಿ ಬಿಡುಗಡೆಯಾಗುವ ಗೂಳಿಗಳು ತಿಂದುಹಾಕುತ್ತವೆ.

ಸ್ಕ್ರಿಪ್ಟ್ ಬರೆಯಲು ಈ ಎಂಜಿನ್ನಿನ ಎಸಿಎಸ್ ಭಾಷೆ ಸಾಕು, ಮಾಡಬೇಕಾದ ಕೆಲಸ ಐದಾರು ಸಾಲುಗಳದು. ತೋಪಿನ ಹಿಂಬದಿಯ ಗೆರೆಯನ್ನು ಆಟಗಾರ ಬಳಸಿದಾಗ ಅವನ ಬಳಿ ಬತ್ತಿ ಇದೆಯೇ ಎಂದು ನೋಡಬೇಕು. ಇದ್ದರೆ ಸುರುಸುರು ಸದ್ದು ಹಚ್ಚಿ, ಗೂಳಿಗಳ ಕೊಟ್ಟಿಗೆಯ ಬಾಗಿಲು ತೆಗೆದು, 140 ಗಳಿಗೆ ಕಾಯಬೇಕು. ಆಮೇಲೆ ಆಟಗಾರ ಎಷ್ಟು ಮುಳುಗಿದ್ದಾನೆಂದು ಕೇಳಬೇಕು. ಎಂಜಿನ್ ಇದಕ್ಕೆ 0ಯಿಂದ 3ರವರೆಗೆ ಉತ್ತರ ಕೊಡುತ್ತದೆ: 1 ಎಂದರೆ ಕಾಲು ನೀರಿನಲ್ಲಿದೆ, 2 ಎಂದರೆ ಸೊಂಟದವರೆಗೆ, 3 ಎಂದರೆ ತಲೆಯೂ ಒಳಗಿದೆ. ಉತ್ತರ 3 ಅಲ್ಲವಾದರೆ 80 ಅಂಶ ಆರೋಗ್ಯ ಕಳೆಯಿರಿ. ಪೂರ್ತಿ ಆರೋಗ್ಯವಿದ್ದವನು ಬದುಕುತ್ತಾನೆ, ಆದರೆ ಪಾಠ ಕಲಿಯುತ್ತಾನೆ. ಕೊನೆಗೆ ನೆಲ ನಡುಗಿಸಿ, ಹೆಬ್ಬಾಗಿಲಿನ ಸೆಕ್ಟರ್ ಕುಸಿಯುವಂತೆ ಮಾಡಿ.

ನೀರಿಗೆ ಹಾರಬೇಕೆಂಬುದು ಆಟಗಾರನಿಗೆ ಹೇಗೆ ತಿಳಿಯಬೇಕು? ಬಾವಡಿಯಲ್ಲೇ, ಆಟದ ಮೊದಲ ನಿಮಿಷದಲ್ಲೇ, ಒಂದು ಸಣ್ಣ ಸ್ಫೋಟವನ್ನು ಇಟ್ಟು ನೀರಿನೊಳಗಿದ್ದರೆ ಪೆಟ್ಟು ಬೀಳುವುದಿಲ್ಲ ಎಂದು ತೋರಿಸಿ. ಒಗಟಿನ ನಿಯಮವನ್ನು ಅಪಾಯ ಕಡಿಮೆಯಿರುವ ಕಡೆ ಕಲಿಸಿ, ದೊಡ್ಡ ಅಪಾಯವಿರುವ ಕಡೆ ಕೇಳುವುದು ಹಳೆಯ ಸಾಹಸದ ಆಟಗಳ ಕ್ರಮ.

ಹಂತ 7: ಮಣ್ಣಿನ ಗೂಳಿ

'ಡೂಮ್'ನ ಕೆಲವು ರಾಕ್ಷಸರನ್ನು ಕಂಪ್ಯೂಟರಿನಲ್ಲಿ ಬಿಡಿಸಲಿಲ್ಲ. ಜೇಡಿಮಣ್ಣಿನಲ್ಲಿ ಮಾಡಿ, ತಿರುಗಿಸುತ್ತ ಚಿತ್ರ ತೆಗೆದು ಆಟಕ್ಕೆ ತಂದರು. ನಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳಿಗೆ ಇದು ಹೊಸ ಕಸುಬೇನಲ್ಲ. ಪೂಜೆಯ ಎತ್ತನ್ನು ಶತ್ರುವಾಗಿಸುವುದು ಬೇಡ, ಬೇರೆಯದನ್ನೇ ಮಾಡಿ: ಕೋಡು ದೊಡ್ಡದು, ಇಣಿ ಎತ್ತರ, ಕಣ್ಣಿನ ಜಾಗದಲ್ಲಿ ತೂತು. ಕಾಲುಗಳು ಮೋಟಾಗಿ ದಪ್ಪಗಿರಲಿ, ತೆಳ್ಳಗಿದ್ದರೆ ಒಣಗುವಾಗ ಬಿರುಕು ಬಿಡುತ್ತವೆ. ಗೇಣುದ್ದ ಸಾಕು.

ಒಂದು ಮಣೆಯ ಮೇಲೆ ಎಂಟು ದಿಕ್ಕುಗಳಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಗೆರೆಯಿಂದ ಗೆರೆಗೆ 45 ಡಿಗ್ರಿ. ಹಿಂದೆ ಹಸಿರು ಕಾಗದ, ಬೆಳಕು ಕಿಟಕಿಯಿಂದ. ಮೊಬೈಲನ್ನು ಪುಸ್ತಕಗಳ ನಡುವೆ ಸಿಕ್ಕಿಸಿ ಅಲುಗದಂತೆ ನಿಲ್ಲಿಸಿ, ಗೂಳಿಯನ್ನು ಮಾತ್ರ ತಿರುಗಿಸಿ. ಎಂಟೂ ದಿಕ್ಕು ಬೇಕಿಲ್ಲ. ಮುಖ, ಬೆನ್ನು ಮತ್ತು ಒಂದು ಮಗ್ಗುಲಿನ ಮೂರು, ಒಟ್ಟು ಐದು ಕೋನ ಸಾಕು, ಇನ್ನೊಂದು ಮಗ್ಗುಲನ್ನು ಎಂಜಿನ್ ಕನ್ನಡಿಯಂತೆ ತಿರುಗಿಸಿ ತೋರಿಸುತ್ತದೆ. ನಡಿಗೆಗೆ ಎರಡು ಭಂಗಿ, ತಲೆ ತಗ್ಗಿಸಿ ನುಗ್ಗುವುದಕ್ಕೆ ಒಂದು: ಐದು ಕೋನಗಳಿಂದ 15 ಚಿತ್ರಗಳು. ಸಾವಿಗೆ ಕೋನ ಬೇಕಿಲ್ಲ. ಒಣಗಿದ ಗೂಳಿಯನ್ನು ಸುತ್ತಿಗೆಯಿಂದ ಸ್ವಲ್ಪಸ್ವಲ್ಪವೇ ಒಡೆಯುತ್ತ ನಾಲ್ಕು ಚಿತ್ರ ತೆಗೆಯಿರಿ. ಉಳಿದೆಲ್ಲ ಚಿತ್ರಗಳು ಕೈಯಲ್ಲಿವೆ ಎಂದು ಖಾತ್ರಿಯಾದ ಮೇಲೆ ಸುತ್ತಿಗೆ ಹಿಡಿಯಿರಿ.

ಹಿನ್ನೆಲೆ ಅಳಿಸಿ, ಗೂಳಿಯ ಎತ್ತರವನ್ನು 56 ಪಿಕ್ಸೆಲ್ ಆಸುಪಾಸಿಗೆ ತನ್ನಿ. ಈ ಎಂಜಿನ್ ಚಿತ್ರಗಳನ್ನು ಲಂಬವಾಗಿ 1.2 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಆದ್ದರಿಂದ ಕುಗ್ಗಿಸುವಾಗ ಎತ್ತರವನ್ನು 83 ಶೇಕಡಕ್ಕೆ ಅದುಮಬೇಕು. ಇಲ್ಲದಿದ್ದರೆ ಗೂಳಿ ಒಂಟೆಯಾಗುತ್ತದೆ. ಕಡತದ ಹೆಸರು ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಭಂಗಿಯ ಅಕ್ಷರ, ಆಮೇಲೆ ದಿಕ್ಕಿನ ಅಂಕಿ. 1 ಎಂದರೆ ನಮ್ಮತ್ತ ಮುಖ, 5 ಎಂದರೆ ಬೆನ್ನು, 0 ಎಂದರೆ ಎಲ್ಲ ದಿಕ್ಕಿಗೂ ಒಂದೇ ಚಿತ್ರ.

ನಡವಳಿಕೆಯನ್ನು ಹೊಸದಾಗಿ ಬರೆಯುವುದು ಬೇಡ. 'ಡೂಮ್'ನಲ್ಲಿ ನುಗ್ಗಿ ಕಚ್ಚುವ ಡೀಮನ್ ಎಂಬ ಶತ್ರುವಿನ ಗುಣಗಳನ್ನೇ ಪಡೆದು ಚಿತ್ರ ಮತ್ತು ಸದ್ದು ಮಾತ್ರ ಬದಲಿಸಿ. ರಕ್ತ ಚಿಮ್ಮದಂತೆ ಮಾಡುವ ಗುರುತನ್ನೂ ಹಾಕಿ. ಮಣ್ಣಿಗೆ ಗುಂಡು ತಾಗಿದರೆ ಧೂಳು ಏಳಬೇಕು.

ಹಂತ 8: ಮದ್ದುಗುಂಡಿನ ಲೆಕ್ಕ

ಶಾಟ್‌ಗನ್ ಒಂದು ಸಲಕ್ಕೆ 7 ಚೂರು ಉಗುಳುತ್ತದೆ, ಪ್ರತಿಯೊಂದಕ್ಕೂ 5, 10 ಅಥವಾ 15 ಪೆಟ್ಟು. ಎಲ್ಲ ತಾಗಿದರೆ ಸರಾಸರಿ 70. ನಮ್ಮ ಗೂಳಿಯ ಬಲ 150, ಅಂದರೆ ಮೂರು ತೋಟೆ. ಹತ್ತು ಗೂಳಿಗಳಿದ್ದರೆ ಮೂವತ್ತು ತೋಟೆ. ಗುರಿ ತಪ್ಪುವವರಿಗೆಂದು ಇನ್ನು ಹತ್ತು ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ. ತೋಟೆ ಧಾರಾಳವಾಗಿದ್ದರೆ ಯಾರೂ ಮೆಟ್ಟಿಲಿನ ಗುಟ್ಟನ್ನು ಹುಡುಕುವುದಿಲ್ಲ. ಆರೋಗ್ಯದ ಪೊಟ್ಟಣಗಳ ಬದಲು ಇಂಡಿಯ ಲಿಂಬೆ, ಶೇಂಗಾ ಹೋಳಿಗೆ ಇಡಿ, ಚಿತ್ರ ಬದಲಿಸಿದರೆ ಸಾಕು.

ಗುಂಡಿನ ಸದ್ದು ತೆರೆದ ಜಾಗದಲ್ಲಿ ಎಲ್ಲೆಡೆ ಹರಿದು ಕೋಟೆಯನ್ನೆಲ್ಲ ಎಬ್ಬಿಸುತ್ತದೆ. ತಡೆಯಲು ಗೆರೆಗಳಿಗೆ ಸದ್ದು ತಡೆಯುವ ಗುರುತು ಹಾಕಬಹುದು. ಆದರೆ ಸದ್ದು ಅಂಥ ಒಂದು ಗೆರೆಯನ್ನು ದಾಟುತ್ತದೆ, ಎರಡನೆಯದಕ್ಕೆ ಮಾತ್ರ ನಿಲ್ಲುತ್ತದೆ. ಬಾವಡಿಯ ಕಮಾನಿನಲ್ಲಿ ಎರಡು ಗೆರೆಗಳನ್ನು ಹಿಂದುಮುಂದಾಗಿ ಹಾಕಿ.

ಹಂತ 9: ಸದ್ದು ಮತ್ತು ಕನ್ನಡ ಅಕ್ಷರ

ಮಡಕೆ ಒಡೆಯುವುದನ್ನು ಮೊಬೈಲಿನಲ್ಲಿ ದಾಖಲಿಸಿ, ಆಡಾಸಿಟಿ ಎಂಬ ಉಚಿತ ಸದ್ದಿನ ತಂತ್ರಾಂಶದಲ್ಲಿ ಒಂದೇ ಚಾನೆಲ್‌ಗೆ, 11,025 ಹರ್ಟ್ಜ್‌ಗೆ ಇಳಿಸಿ. 'ಡೂಮ್'ನ ಸದ್ದುಗಳು ಹೆಚ್ಚಾಗಿ ಅದೇ ದರದವು, ಆ ಒರಟುತನ ತಾನಾಗಿ ಬರುತ್ತದೆ.

ಕನ್ನಡದ ಸಂದೇಶಗಳಲ್ಲಿ ಮಾತ್ರ ಎಡವುವ ಸಂಭವವಿದೆ. ಜಿಝೆಡ್‌ಡೂಮ್ ಯುನಿಕೋಡ್ ಓದುತ್ತದೆ, ಆದರೆ ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. 'ಬತ್ತಿ' ಎಂದು ಬರೆದರೆ ತಕಾರದ ಒತ್ತು ಬೇರೆಯಾಗಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ಸಂದೇಶವನ್ನೂ ಚಿತ್ರವಾಗಿ ಮಾಡಿ. ಜಿಂಪ್‌ನಲ್ಲಿ 'ಬತ್ತಿ ಹೊತ್ತಿತು, ನೀರಿಗೆ ಹಾರು' ಎಂದು ಬರೆದು, ಅಂಚು ಮೃದುಗೊಳಿಸುವ ಆಯ್ಕೆ ತೆಗೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಿಕೊಳ್ಳಿ. ಎಸಿಎಸ್‌ನಲ್ಲಿ ಆ ಚಿತ್ರದ ಹೆಸರನ್ನೇ ಫಾಂಟ್ ಎಂದು ಕೊಟ್ಟು, ಇಂಗ್ಲಿಷಿನ ಎ ಅಕ್ಷರವೊಂದನ್ನು ಮುದ್ರಿಸಲು ಹೇಳಿದರೆ ಪರದೆಯ ಮೇಲೆ ಚಿತ್ರ ಬರುತ್ತದೆ. ಹತ್ತು ಹದಿನೈದು ಸಂದೇಶಗಳ ಆಟಕ್ಕೆ ಈ ಉಪಾಯ ಸಾಕು. ಪುಟಗಟ್ಟಲೆ ಸಂಭಾಷಣೆ ಬೇಕೆನ್ನುವವರು ಗೊಡಾಟ್ 4 ಎಂಜಿನ್ ಹಿಡಿಯಲಿ, ಅದು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ಶೂಟರ್‌ನ ಉಳಿದೆಲ್ಲವನ್ನೂ ಅಲ್ಲಿ ನೀವೇ ಕಟ್ಟಬೇಕು.

ಹಂತ 10: ಬೇರೆಯವರಿಂದ ಆಡಿಸುವುದು

ಪಕ್ಕದ ಮನೆಯ ಹುಡುಗನನ್ನು ಕೂರಿಸಿ, ನೀವು ಹಿಂದೆ ಕುಳಿತು ಬಾಯಿ ಮುಚ್ಚಿಕೊಳ್ಳಿ. "ಕಾಕಾ, ಈಗ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರೆ ಉತ್ತರ ಕೊಡಬೇಡಿ, ಕೇಳಿದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ. ಒಂದೇ ಜಾಗದಲ್ಲಿ ಇಬ್ಬರು ಅದೇ ಪ್ರಶ್ನೆ ಕೇಳಿದರೆ ಅಲ್ಲಿಂದ ಬುರುಜು ಕಾಣುತ್ತಿಲ್ಲ, ಇಲ್ಲವೇ ಬೆಳಕು ತಪ್ಪಾಗಿದೆ. ಯಾವತ್ತೂ ಶೂಟರ್ ಆಡದ ಒಬ್ಬರನ್ನಾದರೂ ಕೂರಿಸಿ. ಪಳಗಿದವರು ಎಲ್ಲ ಗೋಡೆಗಳನ್ನೂ ತಟ್ಟಿ ನೋಡುತ್ತಾರೆ, ಅವರಿಂದ ದಾರಿಯ ದೋಷ ತಿಳಿಯುವುದಿಲ್ಲ.

ಹಂತ 11: ಕಟ್ಟು ಕಟ್ಟಿ ಹಂಚುವುದು

ಪಿಕೆ3 ಎಂಬುದು ಹೆಸರು ಬದಲಿಸಿದ ಜಿಪ್ ಕಡತ, ಬೇರೇನಲ್ಲ. ಅದರೊಳಗೆ ಮ್ಯಾಪ್, ಚಿತ್ರ, ಸದ್ದುಗಳಿಗೆ ನಿಗದಿಯಾದ ಹೆಸರಿನ ಫೋಲ್ಡರ್‌ಗಳಿರಬೇಕು. ಕಡತಗಳ ಹೆಸರು ಎಂಟು ಅಕ್ಷರ ಮೀರದಿದ್ದರೆ ತೊಂದರೆ ಬರುವುದಿಲ್ಲ. ಹಂಚುವ ಕಟ್ಟಿನಲ್ಲಿ ಜಿಝೆಡ್‌ಡೂಮ್, ಫ್ರೀಡೂಮ್ ಮತ್ತು ನಿಮ್ಮ ಪಿಕೆ3 ಮೂರನ್ನೂ ಇಡಿ. ಫ್ರೀಡೂಮ್‌ನ ಪರವಾನಗಿ ಪಠ್ಯ, ಎಂಜಿನ್ನಿನ ಪರವಾನಗಿ ಮತ್ತು ಅದರ ಮೂಲ ಸಂಕೇತ ಸಿಗುವ ವಿಳಾಸ ಜೊತೆಗಿರಲಿ. ಆಟಗಳನ್ನು ಹಂಚುವ ಇಚ್.ಐಒ ತಾಣದಲ್ಲಿ ಏರಿಸಲು ಶುಲ್ಕವಿಲ್ಲ. ಪುಟದ ಮೊದಲ ಚಿತ್ರ ತೋಪಿನದಾಗಿರಲಿ, ಎರಡನೆಯದು ಮಣ್ಣಿನ ಗೂಳಿಯದು. ವಿವರಣೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಏಕೆಂದರೆ ಹೊಸ ಮ್ಯಾಪ್ ಕಂಡೊಡನೆ ಇಳಿಸಿಕೊಂಡು ಆಡುವ ಹಳೆಯ 'ಡೂಮ್' ಅಭಿಮಾನಿಗಳು ಜಗತ್ತಿನ ಎಲ್ಲ ಮೂಲೆಗಳಲ್ಲಿದ್ದಾರೆ. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಆಡುವವರಿಗಾಗಿ ಗುಂಡಿಗಳ ಪಟ್ಟಿಯನ್ನು ಪುಟದ ತಳದಲ್ಲಿ ಕೊಡಿ. ಮೇಲಕ್ಕೆ ಕೆಳಕ್ಕೆ ನೋಡುವುದು ಯಾವುದರಿಂದ ಎಂದು ಅದರಲ್ಲಿ ಬರೆಯಲು ಮರೆಯಬೇಡಿ. ಬುರುಜಿನ ತುದಿಯ ಶತ್ರುಗಳು ಅವರಿಗೆ ಕಾಣುವುದು ಅದರಿಂದಲೇ.